ನಾನ್‌ಸ್ಟಿಕ್ ಬೇಡ ಎಂದಮೇಲೆ ತಳ ನೋಡಿ ಕೊಳ್ಳಿ

ಹಳೆಯ ನಾನ್‌ಸ್ಟಿಕ್ ಬಾಣಲೆಯೊಂದು ಮನೆಯಲ್ಲಿದ್ದರೆ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ನಡುವೆ ಕಪ್ಪು ಬಣ್ಣ ಸವೆದಿರುತ್ತದೆ. ಸಟ್ಟುಗ ತಾಗಿದ ಕಡೆಯೆಲ್ಲ ಗೀರು. ಗೀರಿನೊಳಗೆ ಬೆಳ್ಳಗೆ ಏನೋ ಹೊಳೆಯುತ್ತದೆ. ಅದು ಅಲ್ಯೂಮಿನಿಯಂ, ಎಷ್ಟೋ ಸಲ ತೀರಾ ತೆಳುವಾದ ತಗಡು. ನಿಜಕ್ಕೂ ನೀವು ಕೊಂಡಿದ್ದು ಆ ತಗಡನ್ನೇ. ಕಪ್ಪು ಲೇಪನ ಅದರ ಮೇಲೆ ಕೆಲವು ವರ್ಷ ಬಾಡಿಗೆಗೆ ಕೂತಿತ್ತು, ಈಗ ಮನೆ ಖಾಲಿ ಮಾಡುತ್ತಿದೆ.

ಲೇಪನ ಇರುವಷ್ಟು ದಿನ ಕೆಟ್ಟ ಪಾತ್ರೆಯೂ ಒಳ್ಳೆಯದರ ಹಾಗೆ ನಡೆದುಕೊಳ್ಳುತ್ತದೆ. ತಳ ತೆಳುವಾಗಿ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಮ್ಮಿ ಕಾದರೂ ಏನೂ ಅಂಟುವುದಿಲ್ಲವಲ್ಲ, ನಮಗೆ ಗೊತ್ತೇ ಆಗುವುದಿಲ್ಲ. ಲೇಪನವಿಲ್ಲದ ಪಾತ್ರೆಗೆ ಆ ಮುಸುಕಿಲ್ಲ. ತಳದ ದಪ್ಪ, ಲೋಹದ ಗುಣ, ಎಲ್ಲ ಮೊದಲ ದಿನವೇ ಬಯಲಾಗುತ್ತದೆ. ನಾನ್‌ಸ್ಟಿಕ್ ಬಿಟ್ಟು ಬೇರೆ ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದು "ಇದು ಅಂಟುತ್ತಾ?" ಅಂತ. "ಇದು ಸಮನಾಗಿ ಕಾಯುತ್ತಾ?" ಅಂತ ಕೇಳಿದರೆ ಅರ್ಧ ಕೆಲಸ ಆದ ಹಾಗೆ.

ಲೇಪನದ ಮೇಲೆ ಇಷ್ಟು ಗಲಾಟೆ ಯಾಕೆ

1938ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಡುಪಾಂಟ್ ಎಂಬ ರಾಸಾಯನಿಕ ಕಂಪನಿಯ ಪ್ರಯೋಗಾಲಯದಲ್ಲಿ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞರು ಫ್ರಿಜ್‌ಗಳಿಗೆ ಬಳಸುವ ಹೊಸ ಅನಿಲದ ಹುಡುಕಾಟದಲ್ಲಿದ್ದರು. ಅನಿಲ ತುಂಬಿದ್ದ ಸಿಲಿಂಡರ್ ತೆರೆದರೆ ಏನೂ ಬರಲಿಲ್ಲ. ತೂಕ ಮಾತ್ರ ಹಾಗೇ ಇತ್ತು. ಕೊಯ್ದು ನೋಡಿದಾಗ ಒಳಗೆ ಮೇಣದಂಥ ಬಿಳಿ ಪುಡಿ. ಅದೇ ಪಿಟಿಎಫ್ಇ. ಮಾರುಕಟ್ಟೆಯಲ್ಲಿ ಅದರ ಹೆಸರು ಟೆಫ್ಲಾನ್. ಅದಕ್ಕೆ ಯಾವುದೂ ಅಂಟುವುದಿಲ್ಲ. ಹಾಗಾಗಿ ಅದನ್ನು ಪಾತ್ರೆಗೆ ಅಂಟಿಸುವುದೇ ದೊಡ್ಡ ತಲೆನೋವಾಯಿತು. ಫ್ರಾನ್ಸಿನ ಎಂಜಿನಿಯರ್ ಮಾರ್ಕ್ ಗ್ರೆಗುವಾರ್ ಮೀನು ಹಿಡಿಯುವ ಸಲಕರಣೆಗೆಂದು ಅದಕ್ಕೊಂದು ದಾರಿ ಹುಡುಕಿದರು. ಅದನ್ನೇ ಬಾಣಲೆಗೂ ಹಚ್ಚಿಕೊಡಿ ಎಂದು ಕೇಳಿದ್ದು ಅವರ ಹೆಂಡತಿ ಕೊಲೆಟ್. 1956ರಲ್ಲಿ ಟೆಫಾಲ್ ಕಂಪನಿ ಶುರುವಾಯಿತು.

ತೊಂದರೆ ಎದ್ದದ್ದು ಅಡುಗೆಮನೆಗಿಂತ ಜಾಸ್ತಿ ಕಾರ್ಖಾನೆಯ ಕಡೆಯಿಂದ. ಪಿಟಿಎಫ್ಇ ತಯಾರಿಸುವಾಗ ದಶಕಗಳ ಕಾಲ ಪಿಎಫ್ಒಎ ಎಂಬ ರಾಸಾಯನಿಕ ಬಳಸುತ್ತಿದ್ದರು. ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಬಳಿಯ ಡುಪಾಂಟ್ ಕಾರ್ಖಾನೆಯಿಂದ ಅದು ಸುತ್ತಲಿನ ಕುಡಿಯುವ ನೀರಿಗೆ ಸೇರಿತ್ತು. ವಕೀಲ ರಾಬ್ ಬಿಲಾಟ್ ನಡೆಸಿದ ಮೊಕದ್ದಮೆಯ ಫಲವಾಗಿ ಸುಮಾರು 69,000 ಜನರ ಆರೋಗ್ಯದ ವಿವರ ಕಲೆಹಾಕಿದರು. ವಿಜ್ಞಾನಿಗಳ ಸಮಿತಿ 2012ರ ಹೊತ್ತಿಗೆ ಆರು ತೊಂದರೆಗಳಿಗೂ ಈ ರಾಸಾಯನಿಕಕ್ಕೂ ನಂಟಿರುವ ಸಾಧ್ಯತೆ ಇದೆ ಎಂದಿತು. ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯ್ಡ್ ಕಾಯಿಲೆ ಅದರಲ್ಲಿದ್ದವು. 2017ರಲ್ಲಿ ಡುಪಾಂಟ್ ಮತ್ತು ಅದರಿಂದಲೇ ಒಡೆದು ಬಂದ ಕೆಮೋರ್ಸ್ ಕಂಪನಿಗಳು ಸುಮಾರು 3,500 ಮೊಕದ್ದಮೆಗಳನ್ನು 67 ಕೋಟಿ ಡಾಲರ್ ಕೊಟ್ಟು ಮುಗಿಸಿಕೊಂಡವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2023ರ ಕೊನೆಯಲ್ಲಿ ಪಿಎಫ್ಒಎಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಈಗ ಕಾನೂನು ಪಾತ್ರೆಯ ಹತ್ತಿರವೇ ಬಂದಿದೆ. ಪಿಟಿಎಫ್ಇ, ಪಿಎಫ್ಒಎ ಎರಡೂ ಪಿಎಫ್ಎಎಸ್ ಎಂಬ ದೊಡ್ಡ ಕುಟುಂಬದವು. ಸಾವಿರಾರು ರಾಸಾಯನಿಕಗಳಿರುವ ಈ ಕುಟುಂಬಕ್ಕೆ ಸುಲಭವಾಗಿ ಕರಗಿ ಮಾಯವಾಗುವ ಗುಣವಿಲ್ಲ. ಅಮೆರಿಕದ ಮಿನೆಸೋಟಾ ರಾಜ್ಯ 2025ರ ಜನವರಿ 1ರಿಂದ ಬೇಕೆಂದೇ ಪಿಎಫ್ಎಎಸ್ ಸೇರಿಸಿದ ಅಡುಗೆ ಪಾತ್ರೆಗಳ ಮಾರಾಟ ನಿಲ್ಲಿಸಿತು. ಫ್ರಾನ್ಸ್ ಅದೇ ವರ್ಷ ಬಟ್ಟೆ, ಸೌಂದರ್ಯವರ್ಧಕಗಳಲ್ಲಿ ಇವುಗಳನ್ನು ತಡೆಯುವ ಕಾನೂನು ತಂದಿತು, ಪಾತ್ರೆಗಳನ್ನು ಮಾತ್ರ ಹೊರಗಿಟ್ಟಿತು. ಟೆಫಾಲ್ ಹುಟ್ಟಿದ್ದು ಅಲ್ಲೇ ಅಲ್ವಾ.

ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಪಿಟಿಎಫ್ಇ ಲೇಪನ ಹದವಾದ ಉರಿಯಲ್ಲಿ ಕೆಡದೆ ತೆಪ್ಪಗಿರುತ್ತದೆ. ಅದರ ಚೂರೊಂದು ಹೊಟ್ಟೆಗೆ ಹೋದರೂ ಕರಗದೆ ಹಾಗೇ ಹೊರಬರುತ್ತದೆ. ಕಷ್ಟ ಇರುವುದು ಖಾಲಿ ಪಾತ್ರೆಯನ್ನು ಜೋರು ಉರಿಯಲ್ಲಿಟ್ಟು ಮರೆತಾಗ. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಲೇಪನ ಕೆಡಲು ಶುರುವಾಗುತ್ತದೆ. ಇನ್ನೂ ಮೇಲೇರಿದರೆ ಬರುವ ಹೊಗೆಯಿಂದ ಜ್ವರ, ಎದೆ ಬಿಗಿತ ಬರಬಹುದು. ಪಂಜರದ ಹಕ್ಕಿಗಳು ಸತ್ತೇಹೋಗುತ್ತವೆ. ತೆಳು ತಗಡಿನ ಬಾಣಲೆ ಅಷ್ಟು ಬಿಸಿಯೇರಲು ಕೆಲವೇ ನಿಮಿಷ ಸಾಕು. ಭಯ ಪಟ್ಟು ಇವತ್ತೇ ಎಸೆಯಬೇಕಾಗಿಲ್ಲ. ಆದರೆ ಮುಂದಿನದನ್ನು ಕೊಳ್ಳುವಾಗ, ಸವೆಯುವುದೇ ಧರ್ಮವಾಗಿರುವ ವಸ್ತುವಿಗೆ ಮತ್ತೆ ಯಾಕೆ ದುಡ್ಡು ಹಾಕಬೇಕು? ನನ್ನ ಮಟ್ಟಿಗೆ ಆರೋಗ್ಯಕ್ಕಿಂತಲೂ ಗಟ್ಟಿಯಾದ ಕಾರಣ ಇದು.

ಡಬ್ಬದ ಮೇಲಿನ ಮಾತು

"ಪಿಎಫ್ಒಎ ಮುಕ್ತ" ಎಂದು ದೊಡ್ಡದಾಗಿ ಬರೆದಿರುತ್ತದೆ. ಅಮೆರಿಕದ ಪರಿಸರ ಸಂಸ್ಥೆಯ ಒತ್ತಾಯಕ್ಕೆ ಎಂಟು ದೊಡ್ಡ ಕಂಪನಿಗಳು 2015ರೊಳಗೆ ಅದನ್ನು ಬಿಡಲು ಒಪ್ಪಿ 2006ರಲ್ಲೇ ಕೆಲಸ ಶುರು ಮಾಡಿದ್ದವು. ಅಂದರೆ ಯಾವಾಗಲೋ ಬಿಟ್ಟದ್ದನ್ನು ಈಗ ಹೊಸ ಗುಣದ ಹಾಗೆ ಮಾರುತ್ತಿದ್ದಾರೆ. ಡಬ್ಬದೊಳಗಿನ ಬಾಣಲೆಗೆ ಪಿಟಿಎಫ್ಇಯನ್ನೇ ಬಳಿದಿರಬಹುದು. ನೋಡಬೇಕಾದ್ದು "ಪಿಎಫ್ಎಎಸ್ ಮುಕ್ತ" ಅಥವಾ "ಪಿಟಿಎಫ್ಇ ಮುಕ್ತ" ಎಂಬ ಮಾತನ್ನು.

ಗ್ರಾನೈಟ್, ಸ್ಟೋನ್, ಮಾರ್ಬಲ್ ಎಂಬ ಹೆಸರುಗಳು ಇನ್ನೂ ಮಜಾ. ಇವುಗಳಲ್ಲಿ ಬಹುಪಾಲಿನ ಕಲ್ಲುತನ ಇರುವುದು ಚುಕ್ಕೆ ಚುಕ್ಕೆ ಬಣ್ಣದಲ್ಲಿ ಮಾತ್ರ. ಕೆಳಗೆ ಅಲ್ಯೂಮಿನಿಯಂ, ಮೇಲೆ ಅದೇ ಪಿಟಿಎಫ್ಇ ಅಥವಾ ಸೆರಾಮಿಕ್ ಹೆಸರಿನ ಲೇಪನ. ಟೈಟಾನಿಯಂ ಎಂದಿದ್ದರೆ ಎಷ್ಟೋ ಸಲ ಲೇಪನವನ್ನು ಗಟ್ಟಿ ಮಾಡಲು ಸೇರಿಸಿದ ಸ್ವಲ್ಪ ಪುಡಿ ಅಷ್ಟೇ.

ಸೆರಾಮಿಕ್ ಲೇಪನ ಬೇರೆ ಜಾತಿ. ಅದರಲ್ಲಿ ಪಿಟಿಎಫ್ಇ ಇರುವುದಿಲ್ಲ, ಸಿಲಿಕಾ ಮೂಲದ ತೆಳು ಪದರ ಇರುತ್ತದೆ. ಮಣ್ಣಿನ ಪಾತ್ರೆಯ ಹಾಗೆ ಸುಟ್ಟು ಮಾಡಿದ್ದಲ್ಲ. ಹೊಸದರಲ್ಲಿ ಚೆನ್ನಾಗಿ ಜಾರುತ್ತದೆ, ಆದರೆ ಆ ಗುಣ ಪಿಟಿಎಫ್ಇಗಿಂತಲೂ ಬೇಗ ಹೋಗುತ್ತದೆ. ಲೇಪನ ಬೇಡ ಎಂದು ಹೊರಟವರು ಇದನ್ನು ತಂದರೆ ಒಂದು ಬಾಡಿಗೆದಾರನನ್ನು ಬಿಡಿಸಿ ಇನ್ನೊಬ್ಬನನ್ನು ಕೂರಿಸಿದ ಹಾಗೆ.

ಹಾರ್ಡ್ ಆನೊಡೈಸ್ಡ್ ಎಂಬ ಮಾತಿನಲ್ಲೂ ಒಂದು ಗೊಂದಲವಿದೆ. ಅದು ಅಲ್ಯೂಮಿನಿಯಂನ ಮೇಲ್ಮೈಯನ್ನೇ ವಿದ್ಯುತ್ ಹಾಯಿಸಿ ಗಟ್ಟಿ ಆಕ್ಸೈಡ್ ಮಾಡುವ ವಿಧಾನ. ಬಳಿದ ಪದರ ಅಲ್ಲ, ಸುಲಭಕ್ಕೆ ಸುಲಿಯುವುದಿಲ್ಲ. ಆದರೆ ಹೊರಗೆ ಆನೊಡೈಸ್ ಮಾಡಿ ಒಳಗೆ ನಾನ್‌ಸ್ಟಿಕ್ ಬಳಿದ ಬಾಣಲೆಗಳೂ ಅದೇ ಹೆಸರಿನಲ್ಲಿ ಬರುತ್ತವೆ. ಒಳಗಡೆ ಬೆರಳು ಸವರಿ ನೋಡಿ, ಡಬ್ಬದ ಹಿಂದಿನ ಸಣ್ಣ ಅಕ್ಷರವನ್ನೂ ಓದಿ.

ತಳದ ಲೆಕ್ಕ

ಒಲೆಯ ಉರಿ ಪಾತ್ರೆಯ ತಳಕ್ಕೆಲ್ಲ ಒಂದೇ ಸಮ ತಾಗುವುದಿಲ್ಲ. ಗ್ಯಾಸ್ ಒಲೆಯಲ್ಲಿ ಉಂಗುರದ ಹಾಗೆ ತಾಗುತ್ತದೆ. ಇಂಡಕ್ಷನ್‌ನಲ್ಲಿ ಸುರುಳಿ ಎಷ್ಟು ಅಗಲವೋ ಅಷ್ಟೇ. ಆ ಬಿಸಿಯನ್ನು ಪಕ್ಕಕ್ಕೆ ಹರಡುವುದು ಪಾತ್ರೆಯ ಮೊದಲ ಕೆಲಸ. ತಣ್ಣನೆಯ ಪದಾರ್ಥ ಬಿದ್ದಾಗ ಕುಸಿಯದೆ ಬಿಸಿಯನ್ನು ಹಿಡಿದುಕೊಳ್ಳುವುದು ಎರಡನೆಯದು.

ಹರಡುವುದರಲ್ಲಿ ಲೋಹಗಳ ನಡುವೆ ಅಜಗಜಾಂತರ. ತಾಮ್ರ ಸ್ಟೇನ್‌ಲೆಸ್ ಸ್ಟೀಲ್‌ಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಅಲ್ಯೂಮಿನಿಯಂ 10 ಪಟ್ಟಿಗಿಂತ ಜಾಸ್ತಿ. ಕಬ್ಬಿಣ ಮೂರರಿಂದ ಐದು ಪಟ್ಟು. ಅಂದರೆ ಎಲ್ಲರೂ ನಂಬುವ ಸ್ಟೀಲ್ ಈ ಪಂಕ್ತಿಯಲ್ಲಿ ಕಟ್ಟಕಡೆಯದು! ಬರೀ ಸ್ಟೀಲಿನ ತೆಳು ಪಾತ್ರೆಯಲ್ಲಿ ಉರಿ ತಾಗಿದ ಕಡೆಯೇ ಉಂಗುರದಂತೆ ತಳ ಹಿಡಿಯುವುದು ಇದೇ ಕಾರಣಕ್ಕೆ. ನೀರು ಕಾಯಿಸಲು ಅದು ಸಾಕು, ನೀರು ತಾನೇ ಸುತ್ತಿ ಬಿಸಿ ಹಂಚಿಕೊಳ್ಳುತ್ತದೆ. ಹುರಿಯಲು, ಗಟ್ಟಿ ಪದಾರ್ಥ ಬೇಯಿಸಲು ಸಾಲದು.

ಹಿಡಿದಿಡುವ ವಿಷಯದಲ್ಲಿ ಕಬ್ಬಿಣಕ್ಕೆ ಏನೋ ವಿಶೇಷ ಶಕ್ತಿ ಇದೆ ಎಂದು ಜನ ಹೇಳುತ್ತಾರೆ. ಅಂಥದ್ದೇನಿಲ್ಲ. ಒಂದೇ ಅಳತೆಯ ಸ್ಟೀಲ್ ತುಂಡು ಮತ್ತು ಕಬ್ಬಿಣದ ತುಂಡು ಹೆಚ್ಚುಕಮ್ಮಿ ಒಂದೇ ಪ್ರಮಾಣದ ಶಾಖ ಹಿಡಿಯುತ್ತವೆ. ಬೀಡಿನ, ಅಂದರೆ ಎರಕದ ಕಬ್ಬಿಣದ ಬಾಣಲೆ ದಪ್ಪ, ಅದಕ್ಕೇ ಬಿಸಿ ಜಾಸ್ತಿ ಹೊತ್ತು ನಿಲ್ಲುತ್ತದೆ. ಲೋಹ ಯಾವುದಾದರೂ ಇರಲಿ, ತಳ ದಪ್ಪ ಇದೆಯೇ ಎಂದು ನೋಡುವುದು ಯಾವತ್ತೂ ಸುಳ್ಳಾಗುವುದಿಲ್ಲ.

ಸ್ಟೀಲ್ ಕೊಳ್ಳುವಾಗ

ಸ್ಟೇನ್‌ಲೆಸ್ ಸ್ಟೀಲಿನ ದೌರ್ಬಲ್ಯಕ್ಕೆ ತಯಾರಕರು ಕಂಡುಕೊಂಡ ಉಪಾಯ ಸರಳ. ಒಳಗೆ ಅಲ್ಯೂಮಿನಿಯಂ ಇಟ್ಟು ಎರಡೂ ಕಡೆ ಸ್ಟೀಲ್ ಹೊದಿಸುವುದು. ಅಲ್ಯೂಮಿನಿಯಂ ಬಿಸಿ ಹರಡುತ್ತದೆ, ಸ್ಟೀಲ್ ಅಡುಗೆಗೆ ಮುಟ್ಟುತ್ತದೆ. ಇದನ್ನು ಎರಡು ರೀತಿ ಮಾಡುತ್ತಾರೆ. ಒಂದು, ತಳದಲ್ಲಿ ಮಾತ್ರ ದಪ್ಪ ಬಿಲ್ಲೆ ಕೂರಿಸುವುದು. ಇನ್ನೊಂದು, ಟ್ರೈ-ಪ್ಲೈ. ಇದರಲ್ಲಿ ಮೂರು ಪದರ ತಳದಿಂದ ಅಂಚಿನವರೆಗೂ ಹೋಗುತ್ತದೆ.

ಯಾವುದು ಯಾವುದೆಂದು ಕಣ್ಣಲ್ಲೇ ತಿಳಿಯಬಹುದು. ಹೊರಗೆ ತಳದ ಹತ್ತಿರ ಮೆಟ್ಟಿಲಿನಂಥ ಜೋಡಣೆ ಕಂಡರೆ ಬಿಲ್ಲೆ ತಳ. ಟ್ರೈ-ಪ್ಲೈ ಪಾತ್ರೆಯ ಹೊರಮೈ ನುಣ್ಣಗೆ ಒಂದೇ ಸಮ ಇರುತ್ತದೆ, ಅಂಚನ್ನು ಮಡಚದೆ ಬಿಟ್ಟಿದ್ದರೆ ನಡುವೆ ಬೂದು ಬಣ್ಣದ ಗೆರೆಯೂ ಕಾಣುತ್ತದೆ. ನೀರು, ಹಾಲು, ಸಾರಿನಂಥ ತೆಳು ಪದಾರ್ಥಕ್ಕೆ ಬಿಲ್ಲೆ ತಳದ ಎತ್ತರದ ಪಾತ್ರೆ ಧಾರಾಳವಾಗಿ ಸಾಕು. ಅದರ ತಳ ಟ್ರೈ-ಪ್ಲೈಗಿಂತ ದಪ್ಪ ಇರುವುದೂ ಉಂಟು. ಆದರೆ ಗ್ಯಾಸಿನ ಉರಿ ಬಿಲ್ಲೆಯ ಆಚೆ ಚಾಚಿದರೆ ಪಕ್ಕದ ತೆಳು ಸ್ಟೀಲ್ ಸೀದುಹೋಗುತ್ತದೆ. ಅಗಲ ಬಾಣಲೆಗೆ ಟ್ರೈ-ಪ್ಲೈ ಒಳ್ಳೆಯದು. ಒಟ್ಟು ದಪ್ಪ 2.5 ಮಿಲಿಮೀಟರ್ ಆಸುಪಾಸು ಇದ್ದರೆ ನೆಮ್ಮದಿ. ಐದು ಪದರ, ಏಳು ಪದರ ಎಂದು ಎಣಿಸಿ ಹೇಳಿದರೆ ಮರುಳಾಗಬೇಡಿ. ಪದರ ಎಷ್ಟು ಎಂಬುದಕ್ಕಿಂತ ಒಳಗಿನ ಅಲ್ಯೂಮಿನಿಯಂ ಎಷ್ಟು ದಪ್ಪ ಎಂಬುದೇ ಮುಖ್ಯ, ಅದನ್ನು ಡಬ್ಬದ ಮೇಲೆ ಯಾರೂ ಬರೆಯುವುದಿಲ್ಲ. ಒಂದೇ ಅಳತೆಯ ಎರಡು ಬಾಣಲೆಗಳನ್ನು ಎರಡು ಕೈಯಲ್ಲಿ ಎತ್ತಿ ನೋಡಿ, ತೂಕವೇ ಹೇಳುತ್ತದೆ.

ತಳದ ಮೇಲೆ 18/10, 18/8, 18/0 ಎಂದು ಮುದ್ರೆ ಇರುತ್ತದೆ. ಮೊದಲ ಅಂಕಿ ಕ್ರೋಮಿಯಂ, ಎರಡನೆಯದು ನಿಕಲ್, ಎರಡೂ ಶೇಕಡಾ ಲೆಕ್ಕ. 18/8 ಅಂದರೆ 304 ಎಂಬ ದರ್ಜೆ. 18/10 ಕೂಡ ಅದರ ಹತ್ತಿರದ್ದೇ, ಹತ್ತು ಎಂದು ಕಂಡದ್ದಕ್ಕೆ ಸುಮ್ನೆ ಜಾಸ್ತಿ ದುಡ್ಡು ಕೊಡಬೇಕಿಲ್ಲ. 18/0ಯಲ್ಲಿ ನಿಕಲ್ ಇಲ್ಲವೆಂದೇ ಹೇಳಬಹುದು. ನಿಕಲ್ ಅಲರ್ಜಿ ಇರುವವರಿಗೆ ಅದು ಒಳ್ಳೆಯದು, ಉಪ್ಪು ಹುಳಿಯನ್ನು ತಾಳುವ ಶಕ್ತಿ ಮಾತ್ರ ಸ್ವಲ್ಪ ಕಮ್ಮಿ. ಇನ್ನೊಂದು 200 ಸರಣಿಯ ಸ್ಟೀಲ್. ಅದರಲ್ಲಿ ನಿಕಲ್ ಇಳಿಸಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಅಗ್ಗ, ಬೇಗ ಕಲೆ ಹಿಡಿಯುತ್ತದೆ.

ಇಲ್ಲಿ ಒಂದು ಹಳೆಯ ನಂಬಿಕೆಯನ್ನು ಮುರಿಯಬೇಕು. ಆಯಸ್ಕಾಂತ ಹಿಡಿಯದಿದ್ದರೆ ಒಳ್ಳೆಯ ಸ್ಟೀಲ್ ಅನ್ನುತ್ತಾರೆ. 304ಕ್ಕೆ ಆಯಸ್ಕಾಂತ ಹಿಡಿಯುವುದಿಲ್ಲ, ನಿಜ. ಆದರೆ 200 ಸರಣಿಯ ಅಗ್ಗದ ಸ್ಟೀಲಿಗೂ ಹಿಡಿಯುವುದಿಲ್ಲ. ಅದರ ಮೇಲೆ, ಇಂಡಕ್ಷನ್ ಒಲೆಗೆಂದು ಮಾಡಿದ ಒಳ್ಳೆಯ ಟ್ರೈ-ಪ್ಲೈ ಪಾತ್ರೆಯ ಹೊರಪದರ ಆಯಸ್ಕಾಂತ ಹಿಡಿಯುವಂಥದ್ದೇ ಆಗಿರಬೇಕು. ಈ ಪರೀಕ್ಷೆಯಿಂದ ತಿಳಿಯುವುದು ಇಂಡಕ್ಷನ್‌ಗೆ ಆಗುತ್ತದೋ ಇಲ್ಲವೋ ಎಂಬುದಷ್ಟೇ. ದರ್ಜೆ ತಿಳಿಯಲು ಮುದ್ರೆ ಓದಬೇಕು. ಮುದ್ರೆಯೇ ಇಲ್ಲದಿದ್ದರೆ ಬಿಡಿ, ಮುಂದಿನದನ್ನು ನೋಡಿ.

ಸ್ಟೀಲಿನಿಂದಲೂ ಏನಾದರೂ ಅಡುಗೆಗೆ ಇಳಿಯುತ್ತದೆಯೇ? ಟೊಮೆಟೊದಂಥ ಹುಳಿಯನ್ನು ಗಂಟೆಗಟ್ಟಲೆ ಕುದಿಸಿದರೆ ಸ್ವಲ್ಪ ನಿಕಲ್, ಕ್ರೋಮಿಯಂ ಇಳಿಯುತ್ತದೆ. ಹೊಸ ಪಾತ್ರೆಯಲ್ಲಿ ಜಾಸ್ತಿ, ಕೆಲವು ಬಾರಿ ಬಳಸಿದ ಮೇಲೆ ಕಮ್ಮಿಯಾಗುತ್ತದೆ. ನಿಕಲ್ ಅಲರ್ಜಿ ಇದ್ದವರು ಬಿಟ್ಟರೆ ಉಳಿದವರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಅಂಟುವುದು ಯಾರ ತಪ್ಪು

ನಾನು ಮೊದಲ ಸಲ ಸ್ಟೀಲ್ ಬಾಣಲೆಯಲ್ಲಿ ಮೊಟ್ಟೆ ಹಾಕಿದಾಗ ಅದು ಬಾಣಲೆಯ ಆಸ್ತಿಯೇ ಆಯಿತು. ಅರ್ಧ ತಟ್ಟೆಗೆ ಬಂತು, ಅರ್ಧ ಉಜ್ಜುವ ನಾರಿಗೆ. ಬಾಣಲೆ ಕಳಪೆ ಎಂದುಕೊಂಡೆ. ತಪ್ಪು ನನ್ನದೇ ಆಗಿತ್ತು. ತಣ್ಣನೆಯ ಬಾಣಲೆಗೆ ತಣ್ಣನೆಯ ಎಣ್ಣೆ, ಅದಕ್ಕೆ ಫ್ರಿಜ್‌ನಿಂದ ಈಗಷ್ಟೇ ತೆಗೆದ ಮೊಟ್ಟೆ.

ಮೊಟ್ಟೆ, ಮೀನು, ಮಾಂಸದಲ್ಲಿರುವ ಪ್ರೋಟೀನ್ ಹಸಿಯಾಗಿದ್ದಾಗ ಲೋಹವನ್ನು ಕಚ್ಚಿಕೊಳ್ಳುತ್ತದೆ. ಬಾಣಲೆ ಮೊದಲೇ ಕಾದಿದ್ದರೆ ಪದಾರ್ಥ ತಾಗಿದ ಕ್ಷಣವೇ ಅದರ ಮೇಲ್ಮೈ ಬೇಯುತ್ತದೆ, ಹೊರಬರುವ ಆವಿ ಅದನ್ನು ಒಂದಿಷ್ಟು ಎತ್ತಿ ಹಿಡಿಯುತ್ತದೆ, ನಡುವೆ ಎಣ್ಣೆಯ ಪದರ ನಿಲ್ಲುತ್ತದೆ. ಮಾಂಸ, ಮೀನು ಹಾಕಿದ ಕೂಡಲೇ ಅಂಟಿದರೂ ಗಾಬರಿ ಬೇಡ. ಕೆಂಪಗೆ ಹೊರಪದರ ಕಟ್ಟಿದ ಮೇಲೆ ಅದು ತಾನೇ ಬಿಡುತ್ತದೆ. ಎಬ್ಬಿಸಲು ಅವಸರ ಮಾಡಿದರೇ ಕೆಡುವುದು.

ಬಾಣಲೆ ಕಾದಿದೆಯೇ ಎಂದು ತಿಳಿಯಲು ಒಂದು ತೊಟ್ಟು ನೀರು ಸಾಕು. ಚುರ್ ಎಂದು ಆವಿಯಾದರೆ ಇನ್ನೂ ಕಾಯಬೇಕು. ಪಾದರಸದ ಗುಂಡಿನ ಹಾಗೆ ಇಡಿಯಾಗಿ ಉರುಳಾಡಿದರೆ ಸುಮಾರು 200 ಡಿಗ್ರಿ ಮುಟ್ಟಿದೆ ಎಂದರ್ಥ. ಹನಿಯ ಕೆಳಗೆ ಆವಿಯ ಮೆತ್ತೆ ಮೂಡಿ ಅದು ಲೋಹಕ್ಕೆ ತಾಗದೆ ತೇಲುತ್ತದೆ. 1756ರಲ್ಲಿ ಇದನ್ನು ವಿವರಿಸಿದ ಜರ್ಮನ್ ವೈದ್ಯ ಲೈಡನ್‌ಫ್ರಾಸ್ಟ್ ಹೆಸರೇ ಈ ಆಟಕ್ಕಿದೆ. ಆದರೆ ಈ ಪರೀಕ್ಷೆಗೆ ಒಂದು ಕುಂದಿದೆ. 200 ಡಿಗ್ರಿಯಲ್ಲೂ ಹನಿ ಉರುಳುತ್ತದೆ, 300ರಲ್ಲೂ ಉರುಳುತ್ತದೆ. ಅದಕ್ಕೆ ಮೊದಲ ಹನಿ ಉರುಳಿದ ಕೂಡಲೇ ಉರಿ ತಗ್ಗಿಸಿ, ನೀರು ಒರೆಸಿ, ಎಣ್ಣೆ ಹಾಕಿ. ಎಣ್ಣೆ ಹೊಗೆಯಾಡಿದರೆ ಮಿತಿ ಮೀರಿದೆ. ಮೊಟ್ಟೆಗಂತೂ ಇಷ್ಟು ಬಿಸಿ ಬೇಡ. ಹನಿ ಉರುಳಿದ ಮೇಲೆ ಒಲೆ ಸಣ್ಣಗೆ ಮಾಡಿ ಒಂದು ನಿಮಿಷ ಬಿಟ್ಟು ಬೆಣ್ಣೆ ಹಾಕಿದರೆ ಸರಿಹೋಗುತ್ತದೆ.

ಇಷ್ಟೆಲ್ಲ ಆಗಬೇಕಾದರೆ ತಳ ಸಮನಾಗಿ ಕಾಯಬೇಕು. ತೆಳು ತಳದಲ್ಲಿ ನಡುವೆ ಹನಿ ಉರುಳುತ್ತಿದ್ದರೆ ಅಂಚಿನಲ್ಲಿ ಇನ್ನೂ ಚುರುಗುಟ್ಟುತ್ತಿರುತ್ತದೆ. ಹೊಸ ಬಾಣಲೆ ತಂದ ದಿನ ಒಣ ತಳದ ಮೇಲೆ ತೆಳ್ಳಗೆ ಹಿಟ್ಟು ಉದುರಿಸಿ ಸಣ್ಣ ಉರಿಯಲ್ಲಿಡಿ. ಹಿಟ್ಟು ಎಲ್ಲಿ ಮೊದಲು ಕಂದಾಗುತ್ತದೋ ಅಲ್ಲಿ ಬಿಸಿ ಜಾಸ್ತಿ. ಪೂರ್ತಿ ತಳ ಹೆಚ್ಚುಕಮ್ಮಿ ಒಟ್ಟಿಗೇ ಕಂದಾದರೆ ದುಡ್ಡು ವ್ಯರ್ಥವಾಗಿಲ್ಲ.

ಕಬ್ಬಿಣ, ಎರಡು ಬಗೆ

ಬೀಡು ಎಂದರೆ ಎರಕ ಹೊಯ್ದ ಕಬ್ಬಿಣ. ಕಾರ್ಬನ್ ಸ್ಟೀಲ್ ಎಂದರೆ ತಗಡನ್ನು ಒತ್ತಿ ಮಾಡಿದ್ದು. ಎರಡೂ ಹೆಚ್ಚುಪಾಲು ಕಬ್ಬಿಣವೇ. ಬೀಡಿನಲ್ಲಿ ಇಂಗಾಲ ಶೇಕಡಾ 2ಕ್ಕಿಂತ ಜಾಸ್ತಿ ಇರುವುದರಿಂದ ಅದು ಬಾಗುವುದಿಲ್ಲ, ಕೈಜಾರಿ ಬಿದ್ದರೆ ಒಡೆಯುತ್ತದೆ. 25 ಸೆಂಟಿಮೀಟರಿನ ಬೀಡಿನ ಬಾಣಲೆ ಎರಡು ಕಿಲೋ ಮೀರಿರುತ್ತದೆ, 30ರದ್ದು ಮೂರೂವರೆ ಕಿಲೋ ಹತ್ತಿರ. ಕಾರ್ಬನ್ ಸ್ಟೀಲ್ 2ರಿಂದ 3 ಮಿಲಿಮೀಟರ್ ದಪ್ಪ ಇರುತ್ತದೆ, ಬೇಗ ಕಾಯುತ್ತದೆ, ಒಂದು ಕೈಯಲ್ಲಿ ಎತ್ತಬಹುದು. ನಾನ್‌ಸ್ಟಿಕ್ ಬಾಣಲೆಯ ಜಾಗಕ್ಕೆ ಒಂದೇ ಒಂದು ಪಾತ್ರೆ ಹೇಳಿ ಎಂದರೆ ನಾನು ಕಾರ್ಬನ್ ಸ್ಟೀಲ್ ಎನ್ನುತ್ತೇನೆ.

ಇವೆರಡನ್ನೂ ಪಳಗಿಸಬೇಕು. ಎಣ್ಣೆಯನ್ನು ತುಂಬ ತೆಳ್ಳಗೆ ಹಚ್ಚಿ ಕಾಯಿಸಿದರೆ ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾದ ಕಪ್ಪು ಪದರವಾಗುತ್ತದೆ. ಇದೂ ಒಂದು ಲೇಪನವೇ ಅಲ್ವಾ ಎಂದು ಕೇಳಬಹುದು. ಹೌದು, ಲೇಪನವೇ. ಆದರೆ ಕೆಟ್ಟರೆ ಮನೆಯಲ್ಲೇ ಮತ್ತೆ ಹಚ್ಚಿಕೊಳ್ಳಬಹುದಾದ ಲೇಪನ. ತೊಳೆದು, ಒಲೆಯ ಮೇಲೆ ಪೂರ್ತಿ ಒಣಗಿಸಿ, ಎಣ್ಣೆ ಸವರಿ, ಆಮೇಲೆ ಹಚ್ಚಿದ್ದೇ ತಪ್ಪಾಯಿತು ಎಂಬಂತೆ ಒಣಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಕಣ್ಣಿಗೆ ಕಾಣದಷ್ಟು ಉಳಿದರೆ ಸಾಕು. ಓವನ್ ಇದ್ದರೆ 230 ಡಿಗ್ರಿ ಆಸುಪಾಸು ಒಂದು ಗಂಟೆ ಬೋರಲಾಗಿ ಇಡಿ, ಇಲ್ಲದಿದ್ದರೆ ಒಲೆಯ ಮೇಲೆ ಹೊಗೆ ಸಣ್ಣಗೆ ಏಳುವವರೆಗೆ. ಮೂರು ನಾಲ್ಕು ಸಲ ಮಾಡಬೇಕು. ಎಣ್ಣೆ ಜಾಸ್ತಿಯಾದರೆ ಅಂಟು ಅಂಟಾಗಿ ಉಳಿದುಬಿಡುತ್ತದೆ, ಎಲ್ಲರೂ ಎಡವುವುದು ಇಲ್ಲೇ. ಅಗಸೆ ಎಣ್ಣೆ ಒಳ್ಳೆಯದು ಎಂಬ ಮಾತಿದೆ. ಪದರ ಗಟ್ಟಿಯಾಗಿ ಕೂರುತ್ತದೆ, ಆದರೆ ಚಕ್ಕೆ ಚಕ್ಕೆಯಾಗಿ ಏಳುವುದೂ ಅದೇ. ದಿನಬಳಕೆಯ ಎಣ್ಣೆ ಸಾಕು.

ಸೋಪು ತಾಗಿಸಬಾರದು ಎಂಬ ಮಾತು ಹಳೆಯ ಕಾಲದ ಕ್ಷಾರದ ಸೋಪಿಗೆ ಹೊಂದುತ್ತಿತ್ತು. ಈಗಿನ ಪಾತ್ರೆ ತೊಳೆಯುವ ದ್ರವ ಒಂದೆರಡು ತೊಟ್ಟು ಹಾಕಿದರೆ ಏನೂ ಆಗುವುದಿಲ್ಲ. ನೆನೆಹಾಕಿ ಬಿಡುವುದು ಮಾತ್ರ ಬೇಡ, ಬೆಳಗಾಗುವಷ್ಟರಲ್ಲಿ ತುಕ್ಕು. ಹುಳಿಯನ್ನು ಹೊತ್ತುಗಟ್ಟಲೆ ಕುದಿಸಿದರೆ ಪಳಗಿದ ಪದರ ಹೋಗಿ ಅಡುಗೆಗೆ ಕಬ್ಬಿಣದ ರುಚಿ ಬರುತ್ತದೆ. ಇಳಿಯುವ ಕಬ್ಬಿಣದ ಅಂಶ ರಕ್ತಹೀನತೆ ಇರುವವರಿಗೆ ಸ್ವಲ್ಪ ಅನುಕೂಲವೇ. ಮೈಯಲ್ಲಿ ಕಬ್ಬಿಣ ಶೇಖರವಾಗುವ ಹಿಮೊಕ್ರೊಮಟೋಸಿಸ್ ಕಾಯಿಲೆ ಇದ್ದವರು ಮಾತ್ರ ದೂರ ಇರಬೇಕು.

ಉಳಿದವು, ಚುಟುಕಾಗಿ

ಎನಾಮಲ್ ಹೊದಿಸಿದ ಬೀಡು ಅಂದರೆ ಕಬ್ಬಿಣದ ಮೇಲೆ ಗಾಜನ್ನು ಸುಮಾರು 800 ಡಿಗ್ರಿಯಲ್ಲಿ ಕರಗಿಸಿ ಕೂರಿಸಿದ್ದು. ತುಕ್ಕಿಲ್ಲ, ಹುಳಿಗೆ ಹೆದರುವುದಿಲ್ಲ. ನಿಧಾನ ಬೇಯಿಸುವುದಕ್ಕೆ ಇದರಷ್ಟು ಒಳ್ಳೆಯದಿಲ್ಲ. ಖಾಲಿ ಕಾಯಿಸಿದರೆ, ಬಿಸಿಯಿದ್ದಾಗ ತಣ್ಣೀರು ಸುರಿದರೆ ಬಿರುಕು ಬಿಡುತ್ತದೆ. ತಗಡಿನ ಮೇಲೆ ಎನಾಮಲ್ ಹೊದಿಸಿದ್ದು ಹಗುರ, ಅಂದ, ನೀರು ಕಾಯಿಸುವುದಕ್ಕಷ್ಟೇ.

ತಾಮ್ರ ಬಿಸಿ ಹರಡುವುದರಲ್ಲಿ ರಾಜ, ಆದರೆ ಹುಳಿ ತಾಗಿದರೆ ಕಿಲುಬು. ಒಳಗೆ ಕಲಾಯಿ ಅಥವಾ ಸ್ಟೀಲ್ ಇರಲೇಬೇಕು. ಕಲಾಯಿಯ ತವರ 232 ಡಿಗ್ರಿಗೇ ಕರಗುತ್ತದೆ, ಅಂದರೆ ಟೆಫ್ಲಾನ್ ಕೆಡುವುದಕ್ಕಿಂತ ಮೊದಲೇ! ಇನ್ನು ಸ್ಟೀಲ್ ಪಾತ್ರೆಯ ತಳಕ್ಕೆ ತಾಮ್ರದ ಬಣ್ಣ ಬಂದಿದ್ದರೆ ಅದು ಹೆಚ್ಚಾಗಿ ತೆಳು ಲೇಪ, ನೋಟಕ್ಕೆ.

ಬರೀ ಅಲ್ಯೂಮಿನಿಯಂ ಬಗ್ಗೆ ಎರಡು ಮಾತು. ಮರೆವಿನ ಕಾಯಿಲೆಗೆ ಈ ಪಾತ್ರೆಯೇ ಕಾರಣ ಎಂಬುದು ಸಾಬೀತಾಗಿಲ್ಲ. ಆದರೆ ಉಪ್ಪು ಹುಳಿಗೆ ಅದು ಕರಗುತ್ತದೆ ಎಂಬುದು ನಿಜ, ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2008ರಲ್ಲಿ ವಾರಕ್ಕೆ ದೇಹದ ಪ್ರತಿ ಕಿಲೋ ತೂಕಕ್ಕೆ 1 ಮಿಲಿಗ್ರಾಂ ಎಂಬ ಮಿತಿ ಹಾಕಿತು. ಅದಕ್ಕಿಂತ ಚಿಂತೆಯ ವಿಷಯ ಸೀಸ. ಕೆಲವು ಆಮದು ಅಲ್ಯೂಮಿನಿಯಂ, ಹಿತ್ತಾಳೆ ಪಾತ್ರೆಗಳಿಂದ ಸೀಸ ಅಡುಗೆಗೆ ಇಳಿಯುತ್ತಿದೆ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರಲ್ಲಿ ಎಚ್ಚರಿಸಿತು. ಯಾವ ಲೋಹ, ಯಾರು ಮಾಡಿದ್ದು ಎಂದು ಗುರುತಿಲ್ಲದ ಎರಕದ ಪಾತ್ರೆ ಎಷ್ಟೇ ಗಟ್ಟಿಯಾಗಿ ಕಂಡರೂ ನಾನು ಮುಟ್ಟುವುದಿಲ್ಲ.

ಕೈಯಲ್ಲಿ ಹಿಡಿದಾಗ

ಲೋಹ ನೋಡಿಯಾಯಿತು. ಇನ್ನು ಹಿಡಿ. ಬಾಣಲೆಯ ತುದಿಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಹಿಡಿಯನ್ನು ಅಲ್ಲಾಡಿಸಿ. ಕಿರುಗುಟ್ಟಿದರೆ ಬೇಡ. ರಿವೆಟ್ ಹೊಡೆದದ್ದು ಗಟ್ಟಿ, ಆದರೆ ಒಳಗಿನ ರಿವೆಟ್ ಸುತ್ತ ಕೊಳೆ ಕೂರುತ್ತದೆ. ಬೆಸುಗೆ ಹಾಕಿದ್ದು ತೊಳೆಯಲು ಸುಲಭ, ಬೆಸುಗೆ ಕೆಟ್ಟದ್ದಾದರೆ ಒಂದು ದಿನ ಬಿಸಿ ಎಣ್ಣೆಯ ಸಮೇತ ಕಳಚುತ್ತದೆ. ಪ್ಲಾಸ್ಟಿಕ್ ಹಿಡಿ ಓವನ್ ಒಳಗೆ ಹೋಗದು. ದೊಡ್ಡ ಬಾಣಲೆಗೆ ಎದುರು ಬದಿಯಲ್ಲೂ ಒಂದು ಸಣ್ಣ ಹಿಡಿ ಇರಲಿ.

ಅಂಗಡಿಯಲ್ಲಿ ಖಾಲಿ ಬಾಣಲೆ ಎತ್ತಿ "ಪರವಾಗಿಲ್ಲ" ಎನ್ನುತ್ತೇವೆ. ಮನೆಯಲ್ಲಿ ಅದು ತುಂಬಿರುತ್ತದೆ, ಬಿಸಿಯಿರುತ್ತದೆ, ಮಣಿಕಟ್ಟು ದಣಿದಿರುತ್ತದೆ. ಎತ್ತಲಾರದ ಒಳ್ಳೆಯ ಬಾಣಲೆಗಿಂತ ಎತ್ತಬಲ್ಲ ಸಾಧಾರಣ ಬಾಣಲೆಯೇ ಮೇಲು. ಕಪಾಟಿನಲ್ಲಿ ದೂಳು ಹಿಡಿದು ಕೂತ ಬೀಡಿನ ಬಾಣಲೆಗಳು ಎಷ್ಟೋ. ತಳ ಮಟ್ಟಸವೇ ಎಂದೂ ನೋಡಿ. ಸಮತಟ್ಟು ಕಲ್ಲಿನ ಮೇಲಿಟ್ಟು ತಿರುಗಿಸಿದರೆ ಬುಗುರಿಯ ಹಾಗೆ ಸುತ್ತಬಾರದು.

ಹತ್ತು ತುಂಡಿನ ಸೆಟ್ ಬೇಡ. ಹತ್ತರಲ್ಲಿ ನಾಲ್ಕು ಮುಚ್ಚಳ ಇರುತ್ತವೆ, ಎರಡು ಯಾವುದಕ್ಕೂ ಸಾಲದಷ್ಟು ಸಣ್ಣ ಪಾತ್ರೆಗಳು. ಅದೇ ದುಡ್ಡಿಗೆ ಒಂದು ಟ್ರೈ-ಪ್ಲೈ ಅಗಲ ಬಾಣಲೆ, ಒಂದು ಬಿಲ್ಲೆ ತಳದ ಎತ್ತರದ ಪಾತ್ರೆ, ಒಂದು ಕಾರ್ಬನ್ ಸ್ಟೀಲ್ ಬಾಣಲೆ ಬರುತ್ತದೆ. ಹುಳಿ ಮೊದಲಿನ ಎರಡರಲ್ಲಿ, ಮೊಟ್ಟೆ ಮೂರನೆಯದರಲ್ಲಿ. ಸ್ಟೀಲಿನಲ್ಲಿ ಉಪ್ಪನ್ನು ನೀರು ಕುದಿ ಬಂದ ಮೇಲೆ ಹಾಕಿ. ತಣ್ಣೀರಿನಲ್ಲಿ ಹಾಕಿದರೆ ಹರಳು ತಳದಲ್ಲಿ ಕೂತು ಸಣ್ಣ ಸಣ್ಣ ಗುಳಿ ಕೊರೆಯುತ್ತದೆ. ಕಾಮನಬಿಲ್ಲಿನಂಥ ಬಣ್ಣ ಬಂದರೆ ಅದು ಕೆಟ್ಟದ್ದಲ್ಲ, ಒಂದು ಚಮಚ ವಿನೆಗರ್‌ಗೆ ಹೋಗುತ್ತದೆ.

ಹಳೆಯ ನಾನ್‌ಸ್ಟಿಕ್ ಬಾಣಲೆ ಇನ್ನೂ ಗೀರಿಲ್ಲದೆ ಇದ್ದರೆ ಸಣ್ಣ ಉರಿಯಲ್ಲಿ ಮೊಟ್ಟೆಗೆಂದು ಇಟ್ಟುಕೊಳ್ಳಿ. ನಾನೂ ಹಾಗೇ ಮಾಡಿದ್ದೆ. ಕಾರ್ಬನ್ ಸ್ಟೀಲ್ ಪಳಗಲು ಎರಡು ತಿಂಗಳು ಹಿಡಿಯಿತು, ಅಷ್ಟರಲ್ಲಿ ಮೂರು ಸಲ ಉಜ್ಜಿ ಮತ್ತೆ ಮೊದಲಿನಿಂದ ಎಣ್ಣೆ ಹಚ್ಚಿದ್ದೂ ಆಯಿತು. ಮೂರನೆಯ ತಿಂಗಳಲ್ಲಿ ಒಂದು ಬೆಳಗ್ಗೆ ಬಾಣಲೆ ಅಲ್ಲಾಡಿಸಿದೆ, ಮೊಟ್ಟೆ ಜಾರಿ ಅಂಚಿಗೆ ಬಂತು.